ಪೀಪಾಯಿಯವನನ್ನು ಮದುವೆಯಾದ ತಪ್ಪಿಗೆ

ಮದುವೆಯಾಗಿ ಏಳನೆಯ ವಾರ ಮಹಾಲಾಳ ಮನೆಯ ಮುಂದೆ ಒಂದು ಕುದುರೆಗಾಡಿ ಬಂದು ನಿಂತಿತು. ಅದರಿಂದ ಇಬ್ಬರು ಹೆಂಗಸರು ಇಳಿದರು. ಇಬ್ಬರದೂ ಬೂದು ಬಣ್ಣದ ಉಡುಪು, ಇಬ್ಬರ ತಲೆಯ ಮೇಲೂ ಕೆನ್ನೆ ಮುಚ್ಚುವಷ್ಟು ದೊಡ್ಡ ಬೂದು ಟೋಪಿ. ಕಿಟಕಿಯಿಂದ ನೋಡಿದ ಮಹಾಲಾ ಕೈಗಂಟಿದ ಹಿಟ್ಟನ್ನು ಕೊಡವಿಕೊಂಡಳು. ಇವರು ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಇಷ್ಟು ತಡವಾಗಿ ಬಂದರಲ್ಲ ಎನ್ನುವುದೇ ಆಶ್ಚರ್ಯ.

ಊರವರು ಕ್ವೇಕರರು ಎಂದು ಕರೆಯುವ ಜನ ತಮ್ಮನ್ನು ಸ್ನೇಹಿತರು ಎಂದು ಕರೆದುಕೊಳ್ಳುತ್ತಾರೆ. ಸ್ನೇಹಿತರ ಸಭೆಯಲ್ಲಿ ಹುಟ್ಟಿದವರು ಸಭೆಯಲ್ಲೇ ಮದುವೆಯಾಗಬೇಕು, ಪಾದ್ರಿಯಿಲ್ಲದೆ, ಹಾಡಿಲ್ಲದೆ, ಎಲ್ಲರೂ ಸುಮ್ಮನೆ ಕೂತಿರುವಾಗ ಎದ್ದು ನಿಂತು ಮಾತು ಕೊಟ್ಟು. ಮಹಾಲಾ ಮದುವೆಯಾದದ್ದು ಹೊರಗಿನವನನ್ನು, ಮೆಥಡಿಸ್ಟ್ ಎಂಬ ಬೇರೆ ಪಂಗಡದವನನ್ನು. ಅದೂ ಸಂಬಳ ತೆಗೆದುಕೊಳ್ಳುವ ಪಾದ್ರಿಯ ಮುಂದೆ. ಅದೂ ಸಾಲದೆಂದು ಗೋಡೆ ಅದುರುವ ಹಾಗೆ ಹಾಡು ಹೇಳಿಸಿಕೊಂಡು. ಇಂಡಿಯಾನಾದ ಆ ಸೀಮೆಯಲ್ಲಿ ಒಂದೇ ಬೆಳಗ್ಗೆ ಇಷ್ಟು ಪಾಪ ಸಂಪಾದಿಸಿದ ಹುಡುಗಿ ಇನ್ನೊಬ್ಬಳಿರಲಿಲ್ಲ.

ಅಂಗಳದಲ್ಲಿ ಮರದ ಪೀಪಾಯಿ ಕಟ್ಟುತ್ತಿದ್ದ ಅವಳ ಗಂಡ ಆಸ್ಬರಿ ಟಲ್, ಟೋಪಿ ತೆಗೆದು ಎದ್ದ. "ಬನ್ನಿ ಅಮ್ಮಾ, ಬನ್ನಿ. ಚಳೀಲಿ ಬಂದಿದ್ದೀರಿ, ಒಲೆ ಹತ್ರ ಕೂತ್ಕೊಳ್ಳಿ."

"ಟೋಪಿ ಹಾಕ್ಕೋ ಆಸ್ಬರಿ," ಎಂದಳು ಮುಂದೆ ಬಂದ ಹೆಪ್ಸಿಬಾ. "ದೇವರ ಮುಂದೆ ತೆಗಿ, ನನ್ನ ಮುಂದೆ ಯಾಕೆ? ನಿನ್ನ ಹೆಂಡತಿ ಒಳಗಿದ್ದಾಳಾ?"

ಸ್ನೇಹಿತರಲ್ಲಿ ಎಲ್ಲರಿಗೂ ‘ನೀನು’. ನ್ಯಾಯಾಧೀಶ ಬಂದರೂ ‘ನೀನು’, ಗೂಡೆ ಮಾರುವವ ಬಂದರೂ ‘ನೀನು’. ಆಸ್ಬರಿಗೆ ಇದು ಇನ್ನೂ ರೂಢಿಯಾಗಿರಲಿಲ್ಲ. ತನ್ನ ತಾಯಿಯ ವಯಸ್ಸಿನವಳಿಗೆ ಅವನು ಬಾಗಿಲು ತೆರೆದು ಹಿಡಿದ. ಅವಳು ಅದಕ್ಕೂ ಹುಬ್ಬು ಗಂಟಿಕ್ಕಿದಳು.

ಹೆಪ್ಸಿಬಾ ಕೆಟ್ಟವಳು ಎಂದು ಹೇಳಿ ಮುಗಿಸಿಬಿಟ್ಟರೆ ಕಥೆ ಹೇಳುವವರಿಗೆ ಸುಲಭ. ಆದರೆ ಅವಳು ಕೆಟ್ಟವಳಲ್ಲ. ಹದಿನೈದು ವರ್ಷದ ಹಿಂದೆ ಕೆಂಟಕಿಯಿಂದ ಓಡಿಬಂದ ಗುಲಾಮರನ್ನು ಹುಡುಕಿಕೊಂಡು ನಾಲ್ಕು ಜನ ಬಂದೂಕು ಹಿಡಿದು ಅವಳ ಬಾಗಿಲಿಗೆ ಬಂದಿದ್ದರು. ಅವರನ್ನು ಹೊಸಿಲಿನಲ್ಲೇ ನಿಲ್ಲಿಸಿ, ‘ಇದ್ದಾರೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ’ ಎಂದು ಇಡೀ ಮಧ್ಯಾಹ್ನ ಬಾಗಿಲಿಗೆ ಅಡ್ಡ ಕೂತು ಅವರೆಕಾಯಿ ಬಿಡಿಸಿದ ಹೆಂಗಸು ಅವಳು. ಅಟ್ಟದ ಮೇಲೆ ತಾಯಿ, ಮಗು ಇದ್ದರು. ‘ಇಲ್ಲ’ ಎಂಬ ಒಂದು ಮಾತು ಸಾಕಿತ್ತು. ಜೀವ ಹೋಗುವ ಹೊತ್ತಿನಲ್ಲೂ ಸುಳ್ಳು ಹೇಳದವಳು ಎಂದು ಮಹಾಲಾ ಅವಳನ್ನು ಚಿಕ್ಕಂದಿನಿಂದ ಪೂಜಿಸುತ್ತಿದ್ದಳೆಂದರೂ ಸರಿಯೇ. ಅದಕ್ಕೇ ಈ ಭೇಟಿಯ ದಿನ ಅವಳ ಮೈ ಉರಿದದ್ದು.

ಜತೆಗೆ ಬಂದ ಪ್ರಿಸಿಲಾ ವಯಸ್ಸಿನಲ್ಲಿ ಚಿಕ್ಕವಳು, ಮೃದು ಸ್ವಭಾವದವಳು. ಅವಳು ಒಲೆಯ ಹತ್ತಿರ ಕೂತು ಕೈ ಕಾಯಿಸಿಕೊಂಡಳು. ಹೆಪ್ಸಿಬಾ ಶುರುಮಾಡಿದಳು.

"ಸಭೆ ನಮ್ಮಿಬ್ಬರನ್ನ ಕಳಿಸಿದೆ ಮಹಾಲಾ. ನಿನ್ನನ್ನ ಬಿಟ್ಟುಬಿಡೋಕೆ ಯಾರಿಗೂ ಇಷ್ಟ ಇಲ್ಲ. ಒಂದು ಕಾಗದ ಬರೆದುಕೊಡು, ಆಯ್ತು."

"ಏನಂತ?"

"ಎಲ್ಲರೂ ಬರೆಯೋ ಹಾಗೇ. ‘ಶಿಸ್ತು ಮೀರಿ ಮದುವೆಯಾದ್ದಕ್ಕೆ ನನಗೆ ವಿಷಾದ ಇದೆ, ಆ ನಡತೆಯನ್ನ ಖಂಡಿಸ್ತೇನೆ’ ಅಂತ."

"ಅಂದ್ರೆ ಮದುವೆ ಮುರೀಬೇಕಾ?"

"ಛೆ! ಯಾರು ಹೇಳಿದ್ರು? ದೇವರು ಕೂಡಿಸಿದ್ದು ಕೂಡಿಸಿದ್ದೇ. ಗಂಡನ ಜೊತೆ ಸುಖವಾಗಿರು, ಮಕ್ಕಳಾಗಲಿ."

"ಸುಖವಾಗಿಯೂ ಇರ್ಬೇಕು, ವಿಷಾದಾನೂ ಪಡ್ಬೇಕು. ಎರಡನ್ನೂ ಒಂದೇ ಹೊತ್ತಲ್ಲಿ ಮಾಡ್ಬೇಕಾ ಅಥವಾ ದಿನ ಬಿಟ್ಟು ದಿನ ಮಾಡಿದ್ರೂ ನಡೀತದಾ?"

ಪ್ರಿಸಿಲಾ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಮೂವರಿಗೂ ಗೊತ್ತಿತ್ತು.

"ತಮಾಷೆ ಬೇಡ," ಎಂದಳು ಹೆಪ್ಸಿಬಾ. "ಕಾಗದ ಕೊಡದಿದ್ರೆ ನಿನ್ನನ್ನ ಸಭೆಯಿಂದ ತೆಗೆದುಹಾಕಿದ್ದೇವೆ ಅಂತ ಎಲ್ಲರ ಮುಂದೆ ಓದಬೇಕಾಗುತ್ತೆ. ನಿಮ್ಮಪ್ಪ ಐಸಾಕ್ ಮಲಗಿರೋ ಮಣ್ಣಲ್ಲಿ ನಿನಗೆ ಜಾಗ ಇರಲ್ಲ. ನೀನು ಹುಟ್ಟಿದ ಜನಕ್ಕೆ ನೀನು ಹೊರಗಿನವಳಾಗ್ತೀಯ."

"ನನಗೆ ವಿಷಾದ ಇಲ್ವಲ್ಲ ಹೆಪ್ಸಿಬಾ."

"ಬರೀತಾ ಬರೀತಾ ಬರುತ್ತೆ. ನಿಮ್ಮಮ್ಮನಿಗೂ ಮೊದಲು ಇರ್ಲಿಲ್ಲ."

ಮಹಾಲಾ ತಲೆಯೆತ್ತಿದಳು. "ಅಮ್ಮ?"

"ನಿನ್ನ ಮದುವೆಗೆ ಹೋಗಿದ್ಳಲ್ಲ. ಅದೂ ತಪ್ಪೇ. ಈ ತಿಂಗಳ ಸಭೆಯಲ್ಲಿ ಡಾರ್ಕಸ್ ಕಾಗದ ಕೊಟ್ಟಳು, ಅದನ್ನ ಓದಿದಾಗ ಎದ್ದು ನಿಂತಿದ್ದಳು. ಸಭೆ ಒಪ್ಪಿಕೊಂಡ್ತು. ನಿನಗೆ ಹೇಳಿಲ್ವಾ?"

ಹೇಳಿರಲಿಲ್ಲ. ಮಹಾಲಾ ಎದ್ದು ಬಾಗಿಲು ತೆರೆದಳು. "ಮುಂದಿನ ತಿಂಗಳ ಸಭೆಗೆ ಕಾಗದ ತರ್ತೀನಿ," ಎಂದಳು. ಹೆಪ್ಸಿಬಾಳ ಮುಖ ಅರಳಿತು. ಸ್ನೇಹಿತರ ಹುಡುಗಿ ತರ್ತೀನಿ ಎಂದರೆ ತಂದಂತೆಯೇ. ಏನು ಬರೆದು ತರ್ತೀಯ ಎಂದು ಅವಳು ಕೇಳಲಿಲ್ಲ. ಮಾತಿನ ಮೇಲೆ ಮಾತು ಕೇಳುವುದು ಅವರಲ್ಲಿ ಅವಮಾನ.

ಅವರ ಗಾಡಿ ತಿರುವು ದಾಟುವುದನ್ನೇ ಕಾದು ಮಹಾಲಾ ಎರಡು ಮೈಲಿ ನಡೆದು ಅಣ್ಣನ ಮನೆಗೆ ಹೋದಳು. ತಾಯಿ ಡಾರ್ಕಸ್ ಇದ್ದದ್ದು ಅಲ್ಲಿ. ಹಿತ್ತಲಲ್ಲಿ ತಾಮ್ರದ ದೊಡ್ಡ ಹಂಡೆಯಲ್ಲಿ ಸೇಬಿನ ಪಾಕ ಕುದಿಯುತ್ತಿತ್ತು. ಡಾರ್ಕಸ್ ಉದ್ದ ಹಿಡಿಯ ಮರದ ಹುಟ್ಟಿನಿಂದ ತಿರುವುತ್ತಿದ್ದಳು. ಮಗಳ ನಡಿಗೆ ನೋಡಿಯೇ ಅವಳಿಗೆ ವಿಷಯ ತಿಳಿಯಿತು.

"ಹೇಳಿಬಿಟ್ಟಳಾ ಹೆಪ್ಸಿಬಾ?"

"ಬರೆದುಕೊಟ್ಟೆಯಂತೆ. ಎಲ್ಲರ ಮುಂದೆ ನಿಂತೆಯಂತೆ. ನನ್ನ ಮದುವೆಗೆ ಬಂದದ್ದಕ್ಕೆ ವಿಷಾದ ಅಂತ!"

"ಮಾತು ತಾನೇ ಮಗಳೇ."

"ಮಾತು ತಾನೇ? ಈ ಮನೇಲಿ ‘ಮಾತು ತಾನೇ’ ಅಂತ ಯಾವತ್ತಾದ್ರೂ ಯಾರಾದ್ರೂ ಅಂದಿದ್ದಾರಾ? ನನಗೆ ಆರು ವರ್ಷ ಇದ್ದಾಗ ಕೋಳಿಗೆ ಕಾಳು ಹಾಕಿದೆ ಅಂತ ಸುಳ್ಳು ಹೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ ನೀನು. ಎರಡು ದಿನ! ಕೋರ್ಟಿಗೆ ಹೋದ್ರೂ ನಾವು ಆಣೆ ಮಾಡಲ್ಲ, ಆಣೆ ಮಾಡಿದ್ರೆ ಮಿಕ್ಕ ಹೊತ್ತು ಸುಳ್ಳು ಹೇಳ್ತೀವಿ ಅಂತಾಗುತ್ತೆ ಅಂತ ಹೇಳ್ಕೊಟ್ಟಿದ್ದು ಯಾರು?"

ಡಾರ್ಕಸ್ ತಿರುವುತ್ತಲೇ ಇದ್ದಳು. ಪಾಕ ತಳ ಹಿಡಿಯುವಂತಿಲ್ಲವಲ್ಲ, ಜಗಳಕ್ಕೂ ಕೈ ಬಿಡುವಂತಿರಲಿಲ್ಲ.

"ಅರವತ್ತೆರಡು ವರ್ಷ ನನಗೆ," ಎಂದಳು ಕೊನೆಗೆ. "ನಿಮ್ಮಪ್ಪನ ಪಕ್ಕದಲ್ಲಿ ಒಂದಾಳು ಹಿಡಿಯೋ ಜಾಗ ಬಿಟ್ಟಿದ್ದಾರೆ. ಅಲ್ಲಿ ಬೇರೆ ಯಾರನ್ನೋ ಮಲಗಿಸ್ತಾರೆ ಅಂತ ನೆನೆಸ್ಕೊಂಡ್ರೆ ನಿದ್ದೆ ಬರ್ತಿರ್ಲಿಲ್ಲ. ಬರೆದುಕೊಟ್ಟೆ. ನೀನೂ ಬರೆದುಕೊಡು. ನನ್ನ ಮಾತು ಕೇಳು. ವಾರವಾರ ನನ್ನ ಪಕ್ಕದಲ್ಲಿ ಕೂತಿರು, ಅಷ್ಟು ಸಾಕು ನನಗೆ."

"ನಿನಗೆ ನಿಜವಾಗ್ಲೂ ವಿಷಾದ ಇತ್ತಾ ಅಮ್ಮ?"

"ಅದನ್ನ ಕೇಳ್ಬೇಡ."

"ಕೇಳ್ತಾ ಇದ್ದೀನಿ."

"ಕೇಳ್ಬೇಡ ಅಂದೆನಲ್ಲ!" ಡಾರ್ಕಸ್ ಸೆರಗಿನಂಥ ಮೇಲುಹೊದಿಕೆಯ ತುದಿಯಿಂದ ಮುಖ ಒರೆಸಿಕೊಂಡಳು. ಹೊಗೆಯೆಂದು ಅಂದುಕೊಳ್ಳಬೇಕಾದವರು ಅಂದುಕೊಳ್ಳಬಹುದಿತ್ತು.

ಮಹಾಲಾ ವಾಪಸು ಬರುವ ದಾರಿಯುದ್ದಕ್ಕೂ ತನ್ನಷ್ಟಕ್ಕೆ ಬೈದುಕೊಂಡೇ ಬಂದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಪ್ರಪಂಚದಲ್ಲಿ ಸುಳ್ಳು ಹೇಳುವ ಜನ ಬೇಕಾದಷ್ಟಿದ್ದಾರೆ, ಅವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಸತ್ಯ ಸತ್ಯ ಎಂದು ಮೂರು ಹೊತ್ತೂ ಹೇಳಿಕೊಡುವವರೇ ಒಬ್ಬ ಮುದುಕಿಯ ಗೋರಿಯನ್ನು ಹಿಡಿದಿಟ್ಟುಕೊಂಡು ಅವಳ ಬಾಯಿಂದ ಸುಳ್ಳು ಹೇಳಿಸಿದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಆಮೇಲೆ, ವಿಷಾದಪಡಬೇಕಾದದ್ದಾದರೂ ಯಾವುದಕ್ಕೆ? ಹಿಂದಿನ ಚಳಿಗಾಲ ಅವಳು ಅಣ್ಣನ ಮನೆಗೆ ಒಂದು ಪೀಪಾಯಿ ಬೇಕೆಂದು ಆಸ್ಬರಿಯ ಕೆಲಸದ ಕೊಟ್ಟಿಗೆಗೆ ಹೋಗಿದ್ದಳು. "ಗುರುವಾರ ಬನ್ನಿ, ತಯಾರಿರುತ್ತೆ," ಎಂದ. ಗುರುವಾರ ಮೊಣಕಾಲುದ್ದ ಹಿಮ. ಹೇಳಿದ ದಿನ ಎಂದರೆ ಹೇಳಿದ ದಿನ, ಅವಳು ಬಂದಳು. ಅವನು ಹಲಗೆಯನ್ನೇ ಸೀಳಿರಲಿಲ್ಲ. ಆ ಊರಿನಲ್ಲಿ ಗುರುವಾರ ಎಂದರೆ ಶನಿವಾರದೊಳಗೆ ಎಂದು ಎಲ್ಲರಿಗೂ ಗೊತ್ತು, ಇವಳೊಬ್ಬಳನ್ನು ಬಿಟ್ಟು. ಅವನು ಕೆಂಪಗಾಗಿ ಕ್ಷಮೆ ಕೇಳಲು ಹೊರಟ. "ನಾನು ಕಾಯ್ತೀನಿ," ಎಂದು ಇವಳು ಬೆಂಕಿಯ ಪಕ್ಕದಲ್ಲಿ ಕೂತಳು. ಸಂಜೆಯವರೆಗೂ ಒಂದು ಮಾತಿಲ್ಲ. ಅಷ್ಟು ಹೊತ್ತು ಸುಮ್ಮನಿರುವ ಹೆಂಗಸನ್ನು ಅವನು ಕಂಡಿರಲಿಲ್ಲ, ಗಾಬರಿಗೆ ಹಾಡತೊಡಗಿದ. ಕೆಲಸ ಮಾಡುತ್ತಾ ಹಾಡುವ ಗಂಡಸನ್ನು ಅವಳು ಕಂಡಿರಲಿಲ್ಲ. ಪೀಪಾಯಿಗೆ ಕೊನೆಯ ಪಟ್ಟಿ ಬಿಗಿಯುವ ಹೊತ್ತಿಗೆ ಇಬ್ಬರ ಕೆಲಸವೂ ಕೆಟ್ಟಿತ್ತು. ಅವತ್ತಿನಿಂದ ಆಸ್ಬರಿ ಟಲ್ ಯಾರಿಗೂ ಆಗದ ದಿನ ಹೇಳಿಲ್ಲ. ಇಪ್ಪತ್ತೊಂಬತ್ತು ವರ್ಷದ ಮೆಥಡಿಸ್ಟನೊಬ್ಬನನ್ನು ಒಂದು ಮಧ್ಯಾಹ್ನದಲ್ಲಿ ಸತ್ಯವಂತನನ್ನಾಗಿ ಮಾಡಿದ್ದಕ್ಕೆ ಸ್ನೇಹಿತರು ಅವಳಿಗೆ ಕೈ ಮುಗಿಯಬೇಕಿತ್ತು.

ಮನೆಗೆ ಬಂದು ಅವನಿಗೆ ಎಲ್ಲ ಹೇಳಿದಳು. ಅವನು ಹಲಗೆಯೊಂದನ್ನು ಕಾಲಿನ ನಡುವೆ ಹಿಡಿದು ಹೆರೆಯುತ್ತಿದ್ದ.

"ಬರೆದುಕೊಟ್ಟುಬಿಡು ಮಾರಾಯ್ತಿ," ಎಂದ. "ನಿಮ್ಮಮ್ಮನಿಗೆ ನೆಮ್ಮದಿ ಆಗುತ್ತೆ. ನನಗೇನೂ ಬೇಜಾರಿಲ್ಲ."

"ನಿನ್ನನ್ನ ಕಟ್ಟಿಕೊಂಡಿದ್ದಕ್ಕೆ ವಿಷಾದ ಅಂತ ಎಂಬತ್ತು ಹೆಂಗಸರ ಮುಂದೆ ಓದಿಸಿದ್ರೂ ಬೇಜಾರಿಲ್ವಾ?"

"ಕಾಗದ ತಾನೇ? ನಾಳೆ ಮನೆಗೆ ಬಂದು ರೊಟ್ಟಿ ಸುಡೋಳು ನೀನೇ ಅಲ್ವಾ? ನಮ್ಮವರಲ್ಲಿ ಇದನ್ನೆಲ್ಲ ಯಾರು ಲೆಕ್ಕಕ್ಕೆ ಇಟ್ಕೊಳ್ತಾರೆ? ಅಳ್ತಾರೆ, ಹಾಡ್ತಾರೆ, ಮುಗೀತು. ನನಗೇನೂ ಇಲ್ಲಪ್ಪ."

ಮಹಾಲಾ ಅವನ ಕೈ ನೋಡಿದಳು. ಓಕ್ ಮರದ ಒಳ್ಳೆಯ ಹಲಗೆ. ಅವನು ಅದನ್ನು ಹೆರೆದು ಹೆರೆದು ಕಾಗದದಷ್ಟು ತೆಳು ಮಾಡಿದ್ದ. ಇನ್ನು ಅದು ಒಲೆಗೇ ಸರಿ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುವವನು ಒಂದು ಹಲಗೆಯನ್ನೂ ಹಾಗೆ ಹಾಳು ಮಾಡಿರಲಿಲ್ಲ.

"ಆಸ್ಬರಿ," ಎಂದಳು.

ಅವನು ಕೆಳಗೆ ನೋಡಿ, ಕೈಯಲ್ಲಿದ್ದದ್ದನ್ನು ಕಂಡು, ಮೆಲ್ಲಗೆ ನೆಲಕ್ಕಿಟ್ಟ. "ಸ್ವಲ್ಪ ಬೇಜಾರಿದೆ," ಎಂದು ಒಪ್ಪಿಕೊಂಡ.

"ಸ್ವಲ್ಪ?"

"ಜಾಸ್ತೀನೇ ಇದೆ. ಆದ್ರೆ ನಿಮ್ಮಮ್ಮನ ಪಕ್ಕದ ಜಾಗಾನ ನಿನ್ನಿಂದ ಕಿತ್ಕೊಂಡವನು ನಾನು ಅಂತ ಅನ್ನಿಸ್ಕೊಳ್ಳೋಕೆ ಅದಕ್ಕಿಂತ ಬೇಜಾರು. ನೀನು ಏನು ಬರೆದ್ರೂ ನಾನು ಕೇಳಲ್ಲ."

ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಒಂದು ಬಾರಿಸಬೇಕೆಂದೂ ಅನ್ನಿಸಿತು. ತಬ್ಬಿಕೊಂಡಳು. ಆಮೇಲೆ ಮೂರು ದಿನ ಕೂತು ಕಾಗದ ಬರೆದಳು.

ಸಭೆಯ ದಿನ ಮೊದಲು ಎಲ್ಲರೂ ಒಟ್ಟಿಗೆ ಮೌನವಾಗಿ ಕೂತರು. ಆಮೇಲೆ ಕೋಣೆಯ ನಡುವಿನ ಮರದ ಅಡ್ಡಗೋಡೆಯನ್ನು ಇಳಿಸಿದರು. ಆ ಕಡೆ ಗಂಡಸರು, ಈ ಕಡೆ ಹೆಂಗಸರು, ಅವರವರ ವ್ಯವಹಾರ ಅವರವರಿಗೆ. ಎದುರು ಬೆಂಚಿನಲ್ಲಿ ಹೆಪ್ಸಿಬಾ. ಮೇಜಿನ ಮುಂದೆ ಸಭೆಯ ಬರಹಗಾರ್ತಿ. ಮೂರನೆಯ ಸಾಲಿನಲ್ಲಿ, ಯಾವತ್ತಿನ ಜಾಗದಲ್ಲಿ, ಡಾರ್ಕಸ್. ಮಗಳು ಮೇಜಿನ ಮೇಲೆ ಮಡಿಸಿದ ಕಾಗದ ಇಡುವುದನ್ನು ನೋಡಿ ಅವಳು ನಿಟ್ಟುಸಿರು ಬಿಟ್ಟಳು. ನೆಮ್ಮದಿಯ ಉಸಿರದು.

ಕಾಗದ ಕೊಟ್ಟವಳು ಎದ್ದು ನಿಲ್ಲಬೇಕು, ಬರಹಗಾರ್ತಿ ಓದಬೇಕು. ಓದಲು ಶುರುಮಾಡಿದ ಕಾಗದವನ್ನು ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಬೇಕಾದ ಕಾಗದ ಇದುವರೆಗೆ ಬಂದೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಮಾತು ಓದಿದವಳು ಕನ್ನಡಕ ಏರಿಸಿಕೊಂಡು, ಅಡುಗೆಯ ಬಗ್ಗೆ ಯೋಚಿಸುತ್ತಲೇ ಆರಂಭಿಸಿದಳು.

"‘ಪ್ರಿಯ ಸ್ನೇಹಿತರೇ, ನನ್ನ ಮದುವೆಯ ವಿಷಯದಲ್ಲಿ ನನಗೆ ವಿಷಾದವಿದೆ. ನಾನೇ ಬಂದು ನಿಮಗೆ ತಿಳಿಸುವ ಧೈರ್ಯ ಮಾಡದೆ, ನೀವು ಸಂತೆಯಲ್ಲಿ ಕೇಳಿ ತಿಳಿಯುವಂತೆ ಮಾಡಿದೆ. ಅದಕ್ಕೆ ವಿಷಾದವಿದೆ.’"

ಹೆಪ್ಸಿಬಾ ತಲೆಯಾಡಿಸಿದಳು. ಮಾತು ಸ್ವಲ್ಪ ಬೇರೆಯಾದರೂ ಪರವಾಗಿಲ್ಲ.

"‘ನನ್ನ ತಾಯಿ ಆ ದಿನ ಮಗಳ ಪಕ್ಕದಲ್ಲಿ ನಿಲ್ಲಲಾಗದೆ, ಬಾಗಿಲ ಮರೆಯಲ್ಲಿ ಕಳ್ಳಿಯ ಹಾಗೆ ನಿಂತು ನೋಡಿದಳು. ಅದಕ್ಕೆ ವಿಷಾದವಿದೆ.’" ಬರಹಗಾರ್ತಿಯ ದನಿ ನಿಧಾನವಾಯಿತು. "‘ಅರವತ್ತೆರಡು ವರ್ಷ ಒಂದು ಸುಳ್ಳು ಹೇಳದ ಆ ಹೆಂಗಸು, ಹೆತ್ತ ಮಗಳ ಮದುವೆ ನೋಡಿದ್ದಕ್ಕೆ ಈ ಕೋಣೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದಕ್ಕೆ ನನಗೆ... ಹೇಳಲಾರದಷ್ಟು ವಿಷಾದವಿದೆ. ಅವಳನ್ನು ನಿಲ್ಲಿಸಿದವರಿಗೂ ಸ್ವಲ್ಪ ಇರಲಿ ಎಂದು ಪ್ರಾರ್ಥಿಸುತ್ತೇನೆ. ಆಸ್ಬರಿ ಟಲ್‌ನನ್ನು ಮದುವೆಯಾದುದಕ್ಕೆ ವಿಷಾದವಿದೆಯೇ ಎಂದು ಮೂರು ದಿನ ನನ್ನೊಳಗೆ ಹುಡುಕಿದೆ. ಸಿಕ್ಕಲಿಲ್ಲ. ಸಿಕ್ಕದ್ದನ್ನು ಸಿಕ್ಕಿತೆಂದು ಬರೆಯುವುದನ್ನು ನೀವು ನನಗೆ ಕಲಿಸಲಿಲ್ಲ.’"

ಬರಹಗಾರ್ತಿ ಕಾಗದವನ್ನು ಕೆಳಗಿಟ್ಟಳು. ಆ ಕಡೆ ಗಂಡಸರು ಯಾವುದೋ ಬೇಲಿಯ ವಿಷಯ ಮಾತಾಡುವುದು ಅಡ್ಡಗೋಡೆಯ ಮೂಲಕ ಕೇಳುತ್ತಿತ್ತು.

ಹೆಪ್ಸಿಬಾ ಎದ್ದಳು. ಮುಖ ಕೆಂಪಾಗಿತ್ತು, ಆದರೆ ದನಿ ಏರಲಿಲ್ಲ. "ಸಭೆ ಕೇಳಿದ್ದು ಈ ವಿಷಾದ ಅಲ್ಲ ಮಹಾಲಾ. ನೇರವಾಗಿ ಕೇಳ್ತೀನಿ, ನೇರವಾಗಿ ಹೇಳು. ಆಸ್ಬರಿನ ಮದುವೆಯಾದ್ದಕ್ಕೆ ನಿನಗೆ ವಿಷಾದ ಇದೆಯಾ?"

"ಇಲ್ಲ."

"ಇದೆ ಅಂದ್ರೆ ಸಾಕು. ಒಂದು ಮಾತು."

"ಒಂದು ಮಾತು!" ಮಹಾಲಾಳ ದನಿ ಅಡ್ಡಗೋಡೆ ದಾಟಿತು. ಬೇಲಿಯ ಮಾತು ನಿಂತಿತು. "ಬಂದೂಕು ಹಿಡಿದವರು ಬಾಗಿಲಿಗೆ ಬಂದಾಗ ನಿನಗೂ ಒಂದು ಮಾತೇ ಸಾಕಿತ್ತು ಹೆಪ್ಸಿಬಾ. ನೀನು ಹೇಳಿದೆಯಾ? ಅಟ್ಟದ ಮೇಲಿದ್ದ ಮಗುವಿಗೋಸ್ಕರವೂ ನೀನು ಹೇಳಲಿಲ್ಲ. ಅದನ್ನ ಕೇಳ್ತಾ ಬೆಳೆದವಳು ನಾನು. ನಿನ್ನ ಬಾಯಿ ಚೊಕ್ಕಟವಾಗಿರ್ಬೇಕು, ನಮ್ಮಮ್ಮನ ಬಾಯಿ ಹೊಲಸಾದ್ರೂ ನಡೀತದೆ, ಅಲ್ವಾ?"

ಯಾರೂ ಆ ಕೋಣೆಯಲ್ಲಿ ಹಾಗೆ ಮಾತಾಡಿರಲಿಲ್ಲ. ಪ್ರಿಸಿಲಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೆಪ್ಸಿಬಾ ಕೂತಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. ಆದರೆ ನಿಯಮ ನಿಯಮವೇ. ಬರಹಗಾರ್ತಿ ಪದ್ಧತಿಯಂತೆ ಕೇಳಿದಳು.

"ಮಹಾಲಾಳನ್ನ ಸಭೆಯಿಂದ ತೆಗೆಯೋದಕ್ಕೆ ಮುಂಚೆ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?"

ಮೂರನೆಯ ಸಾಲಿನ ಬೆಂಚು ಕಿರುಗುಟ್ಟಿತು. ಡಾರ್ಕಸ್ ಎದ್ದು ನಿಂತಿದ್ದಳು.

"ಕೂತ್ಕೋ ಅಮ್ಮ," ಎಂದಳು ಮಹಾಲಾ. ತಾನು ಸಿಟ್ಟಿನಲ್ಲಿ ತಾಯಿಯನ್ನು ಎಲ್ಲಿಗೆ ತಂದು ನಿಲ್ಲಿಸಿದೆನೆಂದು ಅವಳಿಗೆ ಆಗ ಹೊಳೆಯಿತು. "ನಿನ್ನದು ಆಗಿಹೋಯ್ತು. ದಯವಿಟ್ಟು ಕೂತ್ಕೋ."

"ಸುಮ್ನಿರು ನೀನು. ನಿನಗೆ ಮೂರು ದಿನ ಬೇಕಾಯ್ತು ಹುಡುಕೋಕೆ, ನಾನು ಹುಡುಕಲೇ ಇಲ್ಲ." ಡಾರ್ಕಸ್ ಮುಂದಿನ ಬೆಂಚನ್ನು ಹಿಡಿದುಕೊಂಡಳು. "ಹೋದ ತಿಂಗಳು ನಾನು ಈ ಕೋಣೇಲಿ ಸುಳ್ಳು ಹೇಳಿದೆ. ಮದುವೆ ದಿನ ಅವರು ಹಾಡಿದ್ರು. ಜೋರಾಗಿ, ಅಪಸ್ವರವಾಗಿ. ನನ್ನ ಮಗಳು ನಗ್ತಾ ಇದ್ಳು. ಬಾಗಿಲ ಹಿಂದೆ ನಿಂತು ನಾನು ಅತ್ತೆ, ಖುಷಿಗೆ ಅತ್ತೆ. ವಿಷಾದ ಒಂದು ಚೂರೂ ಇರ್ಲಿಲ್ಲ. ಇದೆ ಅಂತ ಬರೆದುಕೊಟ್ಟೆನಲ್ಲ, ಅದಕ್ಕೆ ಈಗ ವಿಷಾದ ಇದೆ. ಇದನ್ನ ಬರ್ಕೋ. ಆ ಕಾಗದ ಹರಿದುಹಾಕು."

"ಡಾರ್ಕಸ್," ಎಂದಳು ಹೆಪ್ಸಿಬಾ, ಬಹಳ ಮೆತ್ತಗೆ. ಐವತ್ತು ವರ್ಷದ ಗೆಳತಿಯರು ಅವರು. "ಯೋಚನೆ ಮಾಡು. ಐಸಾಕ್‌ನ ಪಕ್ಕದ ಜಾಗ."

"ಮಾಡಿದೆ. ಐಸಾಕ್ ನಿನಗೂ ಗೊತ್ತಲ್ಲ. ಸುಳ್ಳು ಹೇಳಿ ಗಿಟ್ಟಿಸಿಕೊಂಡ ಜಾಗದಲ್ಲಿ ನಾನು ಬಂದು ಮಲಗಿದ್ರೆ ಆ ಮನುಷ್ಯ ಎದ್ದು ಆ ಕಡೆ ತಿರುಗಿ ಮಲಗ್ತಾನೆ."

ಬರಹಗಾರ್ತಿ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಕಾದಳು. ಶಾಯಿ ಒಣಗಿತು, ಮತ್ತೆ ಅದ್ದಿದಳು. "ಏನಂತ ಬರೀಲಿ ಹೆಪ್ಸಿಬಾ?"

ಹೆಪ್ಸಿಬಾ ತನ್ನ ಕೈಗಳನ್ನು ನೋಡುತ್ತಾ ಕೂತಿದ್ದಳು. "ಆಡಿದ್ದನ್ನ ಆಡಿದ ಹಾಗೇ ಬರಿ," ಎಂದಳು. ಅದಕ್ಕಿಂತ ಹೆಚ್ಚು ಅವಳಿಂದ ಆಗಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ಯಾರಾದರೂ ಹೇಳಿದರೆ, ಹೇಳಲಿ. ಮಹಾಲಾಳಿಗೆ ಅದು ಸಾಲಲಿಲ್ಲ, ನನಗೂ ಸಾಲುವುದಿಲ್ಲ. ಆಮೇಲೆ ಸಭೆಯ ಪುಸ್ತಕದಲ್ಲಿ ಮಹಾಲಾ ಟಲ್ ಇನ್ನು ನಮ್ಮವಳಲ್ಲ ಎಂದು ಬರೆದರು. ಅದರ ಕೆಳಗೆ, ಡಾರ್ಕಸಳ ಜತೆ ಮಾತಾಡಲು ಇಬ್ಬರನ್ನು ಕಳಿಸಬೇಕು ಎಂದೂ ಬರೆದರು. ಹೋಗಲು ಯಾರು ಸಿದ್ಧ ಎಂದು ಬರಹಗಾರ್ತಿ ಕೇಳಿದಳು. ಎಂಬತ್ತು ಹೆಂಗಸರಲ್ಲಿ ಒಬ್ಬರೂ ಕೈಯೆತ್ತಲಿಲ್ಲ.

ಡಾರ್ಕಸ್ ಬೆಂಚಿನ ಸಾಲಿನಿಂದ ಹೊರಬಂದು ಮಗಳ ತೋಳು ಹಿಡಿದಳು.

"ಯಾರು ಬರೋದಿದ್ರೂ ನಾಳೆಯಿಂದ ನನ್ನ ಮಗಳ ಮನೆಗೆ ಬನ್ನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಮಹಾಲಾಳ ಕಡೆ ತಿರುಗಿ, "ನಡಿಯೇ. ಮದುವೆಯಾಗಿ ಹನ್ನೊಂದು ವಾರ ಆಯ್ತು, ನನ್ನ ಅಳಿಯನ ಮನೆ ಬಾಗಿಲು ಯಾವ ಕಡೆಗಿದೆ ಅಂತ ನಾನಿನ್ನೂ ನೋಡಿಲ್ಲ," ಎಂದಳು.